ಸೋಂಕು ಹರಡುವಾಗ ನಾವೇನು ಮಾಡಬೇಕು, ಸಮಾಜ ಏನು ಮಾಡಬೇಕು?

2003ರ ಜುಲೈ 5ರಂದು ವಿಶ್ವ ಆರೋಗ್ಯ ಸಂಸ್ಥೆ ಒಂದು ಪ್ರಕಟಣೆ ಹೊರಡಿಸಿತು. ಸಾರ್ಸ್ ಎಂಬ ಉಸಿರಾಟದ ಅಂಟುರೋಗ ಒಬ್ಬರಿಂದ ಒಬ್ಬರಿಗೆ ಹರಡುತ್ತಿದ್ದ ಕೊನೆಯ ಸರಪಳಿಯೂ ತುಂಡಾಗಿದೆ ಎಂದು ಅದು ತಿಳಿಸಿತು. ಆ ರೋಗ ಒಟ್ಟು ಸುಮಾರು 8,100 ಜನಕ್ಕೆ ತಗುಲಿತ್ತು. 774 ಮಂದಿ ತೀರಿಕೊಂಡರು. ಲಸಿಕೆ ಇರಲಿಲ್ಲ, ಗುಣಪಡಿಸುವ ಔಷಧವೂ ಇರಲಿಲ್ಲ. ಆದರೂ ಎಂಟು ತಿಂಗಳೊಳಗೆ ರೋಗ ನಿಂತಿತು.

2020ರಲ್ಲಿ ಅದೇ ಕುಟುಂಬದ ಇನ್ನೊಂದು ವೈರಸ್ ಜಗತ್ತಿನ ತುಂಬ ಹರಡಿತು. ಈ ಸಲ ವಿಜ್ಞಾನ ಎಷ್ಟೋ ಮುಂದೆ ಹೋಗಿತ್ತು. ವೈರಸ್ಸಿನ ಜೀನೋಮ್, ಅಂದರೆ ಅದರ ಪೂರ್ತಿ ಆನುವಂಶಿಕ ಮಾಹಿತಿ, ಜನವರಿಯಲ್ಲೇ ಎಲ್ಲರ ಕೈಗೆ ಸಿಕ್ಕಿತ್ತು. ಆದರೂ ಕೋವಿಡ್ ನಿಲ್ಲಲಿಲ್ಲ. ಯಾಕೆ?

ಕಾರಣಗಳು ಹಲವು. ಆದರೆ ಒಂದು ಎಲ್ಲಕ್ಕಿಂತ ದೊಡ್ಡದು. ಸಾರ್ಸ್ ಬಂದವರು ಅತಿ ಜಾಸ್ತಿ ವೈರಸ್ ಹೊರಹಾಕುತ್ತಿದ್ದದ್ದು ಕಾಯಿಲೆ ಬಿದ್ದ ಎರಡನೇ ವಾರದಲ್ಲಿ. ಅಷ್ಟರಲ್ಲಿ ಜ್ವರ ಏರಿ, ಉಸಿರಾಟ ಕಷ್ಟವಾಗಿ, ಅವರು ಆಸ್ಪತ್ರೆ ಸೇರಿರುತ್ತಿದ್ದರು. ಜ್ವರ ಬಂದವರನ್ನು ಬೇಗ ಗುರುತಿಸಿ ಬೇರೆ ಇರಿಸಿದರೆ ಸರಪಳಿ ಕಡಿದುಹೋಗುತ್ತಿತ್ತು. ಕೋವಿಡ್ ಹಾಗಲ್ಲ. ಗಂಟಲು ಕೆರೆಯುವುದಕ್ಕೂ ಒಂದೆರಡು ದಿನ ಮೊದಲೇ ಜನ ಅದನ್ನು ಹರಡಬಲ್ಲರು. ಕೆಲವರಿಗಂತೂ ಲಕ್ಷಣವೇ ಕಾಣಿಸುವುದಿಲ್ಲ, ಆದರೂ ಅವರಿಂದ ಬೇರೆಯವರಿಗೆ ಬರುತ್ತದೆ.

ಹೊಸ ಅಂಟುರೋಗದ ಸುದ್ದಿ ಬಂದಾಗ ಎಲ್ಲರೂ ಮೊದಲು ಕೇಳುವುದು, ಇದರಿಂದ ಎಷ್ಟು ಜನ ಸಾಯುತ್ತಾರೆ ಅಂತ. ಕೇಳಬೇಕಾದ ಪ್ರಶ್ನೆಯೇ. ಆದರೆ ರೋಗ ತಡೆಯುವ ಕೆಲಸಕ್ಕೆ ಇನ್ನೊಂದು ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸೋಂಕು ತಗುಲಿದವರು ಯಾವಾಗಿನಿಂದ ಹರಡಲು ಶುರುಮಾಡುತ್ತಾರೆ, ಅವರು ಬೇರೆಯವರಿಂದ ದೂರ ಆಗುವುದು ಯಾವಾಗ? ಈ ಎರಡರ ನಡುವಿನ ದಿನಗಳಲ್ಲಿ ರೋಗ ಬೆಳೆಯುತ್ತದೆ. ಆ ದಿನಗಳನ್ನು ಕಡಿಮೆ ಮಾಡುವುದೇ ಎಲ್ಲ ಕೆಲಸದ ತಿರುಳು. ಮತ್ತು ನನ್ನ ಮಟ್ಟಿಗೆ ಅದರಲ್ಲಿ ಅತಿ ಮುಖ್ಯವಾದದ್ದು ಇದು: ಹುಷಾರಿಲ್ಲದವರು ಹೆದರದೆ, ನಾಚಿಕೆಪಡದೆ, ಕೂಲಿ ಕಳೆದುಕೊಳ್ಳದೆ "ನನಗೆ ಹುಷಾರಿಲ್ಲ" ಎಂದು ಹೇಳುವಂತೆ ಮಾಡುವುದು.

ಒಬ್ಬರಿಂದ ಎಷ್ಟು ಜನಕ್ಕೆ?

ಸ್ವಲ್ಪ ಲೆಕ್ಕ ನೋಡೋಣ. ಕಷ್ಟದ್ದೇನಲ್ಲ.

ಸೋಂಕಿರುವ ಒಬ್ಬರಿಂದ ಸರಾಸರಿ ಎಷ್ಟು ಜನಕ್ಕೆ ರೋಗ ಬರುತ್ತದೆ ಎಂಬ ಸಂಖ್ಯೆಯನ್ನು ಸಂಶೋಧಕರು 'ಆರ್' ಎಂದು ಕರೆಯುತ್ತಾರೆ. ಆರ್ ಎರಡು ಅಂದುಕೊಳ್ಳಿ. ಒಬ್ಬರಿಂದ ಇಬ್ಬರು, ಇಬ್ಬರಿಂದ ನಾಲ್ವರು. ಹೀಗೆ ಹತ್ತು ಸುತ್ತು ಕಳೆದರೆ ಆ ಸುತ್ತಿನಲ್ಲೇ 1,024 ಜನ. ಅದೇ ಆರ್ ಒಂದೂವರೆಗೆ ಇಳಿದರೆ ಹತ್ತನೇ ಸುತ್ತಿನಲ್ಲಿ ಸುಮಾರು 58 ಜನ. ಒಂದಕ್ಕಿಂತ ಕೆಳಗಿಳಿದರೆ ರೋಗ ತಾನಾಗಿ ಕರಗುತ್ತಾ ಹೋಗುತ್ತದೆ. ರೋಗವನ್ನು ಪೂರ್ತಿ ಸೊನ್ನೆ ಮಾಡಬೇಕಿಲ್ಲ, ಆರ್ ಒಂದರ ಕೆಳಗೆ ಬಂದು ಅಲ್ಲೇ ಉಳಿದರೆ ಸಾಕು.

ಈ ಆರ್ ನಾಲ್ಕು ವಿಷಯಗಳ ಮೇಲೆ ನಿಂತಿದೆ. ಸೋಂಕಿರುವವರು ಎಷ್ಟು ದಿನ ಹರಡುತ್ತಾ ಓಡಾಡುತ್ತಾರೆ, ದಿನಕ್ಕೆ ಎಷ್ಟು ಜನರ ಹತ್ತಿರ ಹೋಗುತ್ತಾರೆ, ಒಂದೊಂದು ಭೇಟಿಯಲ್ಲಿ ಅಂಟುವ ಸಾಧ್ಯತೆ ಎಷ್ಟು, ಎದುರಿಗೆ ಸಿಗುವವರಲ್ಲಿ ರೋಗದ ವಿರುದ್ಧ ರಕ್ಷಣೆ ಇಲ್ಲದವರು ಎಷ್ಟು. ಈ ನಾಲ್ಕನ್ನೂ ಕೂಡಿಸುವುದಿಲ್ಲ, ಗುಣಿಸುತ್ತೇವೆ. ಗುಟ್ಟಿರುವುದು ಅಲ್ಲೇ. ಆರ್ 2.4 ಇರುವ ರೋಗ ಒಂದಿದೆ ಅನ್ನಿ. ನಾಲ್ಕನ್ನೂ ಐದರಲ್ಲೊಂದು ಪಾಲಿನಷ್ಟು ಮಾತ್ರ ಕಡಿಮೆ ಮಾಡಿದೆವು. ಬೇಗ ಮನೆಯಲ್ಲಿ ಉಳಿಯುವುದರಿಂದ ಒಂದಿಷ್ಟು, ಗುಂಪು ಸೇರದಿರುವುದರಿಂದ ಒಂದಿಷ್ಟು, ಮಾಸ್ಕಿನಿಂದ ಒಂದಿಷ್ಟು, ಲಸಿಕೆಯಿಂದ ಒಂದಿಷ್ಟು. ಗುಣಿಸಿ ನೋಡಿದರೆ ಆರ್ 0.98ಕ್ಕೆ ಬರುತ್ತದೆ. ರೋಗ ಇಳಿಮುಖ!

ಆದ್ದರಿಂದ "ಮಾಸ್ಕ್ ಪೂರ್ತಿ ತಡೆಯುವುದಿಲ್ಲವಲ್ಲ, ಹಾಕಿ ಏನು ಪ್ರಯೋಜನ?" ಎಂಬ ವಾದ ನಿಲ್ಲುವುದಿಲ್ಲ. ಯಾವ ಒಂದು ಕ್ರಮವೂ ಪೂರ್ತಿ ತಡೆಯಬೇಕಾಗಿಲ್ಲ. ಅರೆಬರೆ ಕ್ರಮಗಳೇ ಒಂದರ ಮೇಲೊಂದು ಕೂತು ಕೆಲಸ ಮುಗಿಸುತ್ತವೆ.

ಇನ್ನೊಂದು ಮಾತು. ಆರ್ ಎಂಬುದು ಸರಾಸರಿ. ನಿಜದಲ್ಲಿ ಹೆಚ್ಚಿನವರಿಂದ ಯಾರಿಗೂ ಅಂಟುವುದಿಲ್ಲ, ಕೆಲವರಿಂದ ಹತ್ತಾರು ಜನಕ್ಕೆ ಅಂಟುತ್ತದೆ. 2003ರ ಫೆಬ್ರುವರಿಯಲ್ಲಿ ಹಾಂಗ್‌ಕಾಂಗಿನ ಒಂದು ಹೋಟೆಲಿನ ಒಂಬತ್ತನೇ ಮಹಡಿಯಲ್ಲಿ ಸಾರ್ಸ್ ತಗುಲಿದ್ದ ಒಬ್ಬರು ಉಳಿದುಕೊಂಡಿದ್ದರು. ಅಲ್ಲಿದ್ದ ಬೇರೆ ಅತಿಥಿಗಳಿಗೆ ಅವರಿಂದ ಸೋಂಕು ತಗುಲಿತು. ಆ ಅತಿಥಿಗಳು ವಿಮಾನ ಹತ್ತಿ ಹೋದ ಮೇಲೆ ಹನೋಯ್, ಸಿಂಗಪುರ, ಟೊರಾಂಟೊ ನಗರಗಳಲ್ಲಿ ರೋಗ ಶುರುವಾಯಿತು. ಇಂಥ ಘಟನೆಗಳಲ್ಲಿ ಆ ಒಬ್ಬರನ್ನು ದೂರುವುದು ಸುಲಭ. ಆದರೆ ಕಾರಣ ಹೆಚ್ಚಾಗಿ ಜಾಗ ಮತ್ತು ಸಮಯ: ಗಾಳಿಯಾಡದ ಕೋಣೆ, ಜನಜಂಗುಳಿ, ಜೋರು ಮಾತು, ಹಾಡು, ಗಂಟೆಗಟ್ಟಲೆ ಜೊತೆಗಿರುವುದು. ಎಲ್ಲ ಕಡೆಯೂ ಒಂದೇ ಸಮ ಕಟ್ಟುನಿಟ್ಟು ಮಾಡುವುದಕ್ಕಿಂತ ಇಂಥ ಜಾಗಗಳ ಮೇಲೆ ಗಮನ ಇಟ್ಟರೆ ಫಲ ಜಾಸ್ತಿ. ಬಯಲಲ್ಲಿ ಒಬ್ಬರೇ ನಡೆಯುವವರನ್ನು ತಡೆದು ನಿಲ್ಲಿಸಿ, ಕಿಟಕಿಯಿಲ್ಲದ ಕಚೇರಿಯಲ್ಲಿ ಐವತ್ತು ಜನರನ್ನು ಕೂರಿಸಿದರೆ ಏನೂ ಸಾಧಿಸಿದಂತಾಗುವುದಿಲ್ಲ.

ಮೈ ಹುಷಾರಿಲ್ಲ ಅನ್ನಿಸಿದಾಗ

ಒಬ್ಬೊಬ್ಬರು ಮಾಡಬೇಕಾದ್ದು ಏನು? ಮೊದಲು, ಈ ರೋಗ ಯಾವ ದಾರಿಯಲ್ಲಿ ಬರುತ್ತದೆ ಎಂದು ತಿಳಿದುಕೊಳ್ಳಬೇಕು. ಎಲ್ಲ ಅಂಟುರೋಗಕ್ಕೂ ಒಂದೇ ಮದ್ದಿಲ್ಲ. ಕಾಲರಾ ನೀರು, ಆಹಾರದ ಮೂಲಕ ಬರುತ್ತದೆ. ಅಲ್ಲಿ ಮಾಸ್ಕಿನಿಂದ ಉಪಯೋಗವಿಲ್ಲ, ನೀರು ಕುದಿಸಬೇಕು. ದಡಾರದ ವೈರಸ್ ಗಾಳಿಯಲ್ಲಿ ಎರಡು ಗಂಟೆಯವರೆಗೂ ಉಳಿಯಬಲ್ಲದು. ರೋಗಿ ಎದ್ದುಹೋದ ಕೋಣೆಗೆ ಆಮೇಲೆ ಹೋದವರಿಗೂ ಅದು ಬರಬಹುದು. ಅಲ್ಲಿ ಕೈ ತೊಳೆದರಷ್ಟೇ ಸಾಲದು. ವಾಂತಿಭೇದಿ ತರುವ ನೊರೊವೈರಸ್ಸಿಗೆ ಆಲ್ಕೋಹಾಲ್ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಸೋಪು ಹಚ್ಚಿ ನೀರಲ್ಲಿ ತೊಳೆಯಲೇಬೇಕು. ಸೊಳ್ಳೆಯಿಂದ ಬರುವ ರೋಗಕ್ಕೆ ರೋಗಿಯಿಂದ ದೂರ ನಿಲ್ಲುವುದರಿಂದ ಪ್ರಯೋಜನ ಇಲ್ಲ, ನಿಂತ ನೀರು ಚೆಲ್ಲಬೇಕು. ದಾರಿ ಗೊತ್ತಾದರೆ ಸುಮ್ನೆ ಭಯಪಡುವುದು ಅರ್ಧ ಕಡಿಮೆಯಾಗುತ್ತದೆ. ಮಾಡಬೇಕಾದ್ದು ಕಣ್ಣಿಗೆ ಕಾಣುತ್ತದೆ.

ಎರಡನೆಯದು ಮೊದಲ ದಿನ. ಕೆಮ್ಮು, ಮೈಕೈ ನೋವು ಶುರುವಾದಾಗ ನಾವೆಲ್ಲ ಏನು ಮಾಡುತ್ತೇವೆ? ಒಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತೇವೆ. ಸಂಜೆಗೆ ಜಾಸ್ತಿಯಾದರೆ ನೋಡೋಣ ಅಂದುಕೊಳ್ಳುತ್ತೇವೆ. ಆದರೆ ಫ್ಲೂ, ಕೋವಿಡ್‌ನಂಥ ರೋಗಗಳಲ್ಲಿ ಜಾಸ್ತಿ ಹರಡುವುದು ಆ ಮೊದಲ ಒಂದೆರಡು ದಿನಗಳಲ್ಲೇ. ಮೂರನೇ ದಿನ ಹಾಸಿಗೆ ಹಿಡಿದ ಮೇಲೆ ದೂರ ಇರುವುದಕ್ಕಿಂತ ಮೊದಲ ದಿನ ಅನುಮಾನ ಬಂದಾಗಲೇ ದೂರ ಇರುವುದು ಎಷ್ಟೋ ಮೇಲು. ಜ್ವರ ಇಳಿಸುವ ಮಾತ್ರೆ ಜ್ವರವನ್ನು ಇಳಿಸುತ್ತದೆ, ಹರಡುವುದನ್ನು ನಿಲ್ಲಿಸುವುದಿಲ್ಲ. ವೈರಸ್ ರೋಗಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ ಎಂಬುದೂ ನೆನಪಿರಲಿ.

ಇಲ್ಲಿ ಎರಡು ಪದಗಳು ಗೊಂದಲ ಮಾಡುತ್ತವೆ. ಸೋಂಕು ಇರುವುದು ಗೊತ್ತಾದವರನ್ನು ಬೇರೆ ಇರಿಸುವುದು ಐಸೊಲೇಷನ್. ಸೋಂಕಿರುವವರ ಹತ್ತಿರ ಇದ್ದು, ತಮಗೂ ಬಂದಿರಬಹುದು ಎಂಬ ಅನುಮಾನ ಇರುವವರು ಕಾದು ನೋಡುವುದು ಕ್ವಾರಂಟೈನ್. ಕ್ವಾರಂಟೈನಿನ ದಿನಗಳು ರೋಗದಿಂದ ರೋಗಕ್ಕೆ ಬೇರೆ. ರೋಗಾಣು ಒಳಹೊಕ್ಕ ಮೇಲೆ ಲಕ್ಷಣ ಕಾಣಿಸಲು ಎಷ್ಟು ದಿನ ಬೇಕು ಎನ್ನುವುದರ ಮೇಲೆ ಅದು ನಿಂತಿದೆ. ಎಬೋಲಾಕ್ಕೆ 21 ದಿನ. ಈ ಉಪಾಯ ತುಂಬ ಹಳೆಯದು. 1377ರಲ್ಲೇ ರಗೂಸಾ ನಗರ, ಅಂದರೆ ಈಗಿನ ಕ್ರೊಯೇಷಿಯಾದ ಡುಬ್ರೊವ್ನಿಕ್, ಪ್ಲೇಗ್ ಇರುವ ಕಡೆಯಿಂದ ಬಂದವರನ್ನು 30 ದಿನ ಹೊರಗೇ ಇರಿಸುವ ನಿಯಮ ಮಾಡಿತ್ತು. ಪ್ಲೇಗಿಗೆ ಕಾರಣ ಏನೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಮೂರನೆಯದು ಹೇಳುವುದು. ಪಾಸಿಟಿವ್ ಅಂತ ಗೊತ್ತಾದ ಕೂಡಲೇ ಹಿಂದಿನ ಎರಡು ಮೂರು ದಿನ ಜೊತೆಗಿದ್ದವರಿಗೆ ಒಂದು ಫೋನ್ ಮಾಡಿ. ಇದರಷ್ಟು ಕಡಿಮೆ ಖರ್ಚಿನ, ಇದರಷ್ಟು ಪರಿಣಾಮದ ಕೆಲಸ ಇನ್ನೊಂದಿಲ್ಲ. ಆ ಫೋನ್ ಹೋದರೆ ಅವರ ಮನೆಯ ವಯಸ್ಸಾದವರು ಉಳಿಯಬಹುದು.

ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಬಂದೇ ಬರುತ್ತದೆ ಎಂದು ಕೈಚೆಲ್ಲಬೇಡಿ. ಸಾಧ್ಯವಾದರೆ ಬೇರೆ ಕೋಣೆ, ಇಲ್ಲದಿದ್ದರೆ ಕಿಟಕಿ ತೆರೆದು ರೋಗಿಯನ್ನು ಅದರ ಹತ್ತಿರ ಮಲಗಿಸುವುದು, ಇಬ್ಬರೂ ಮಾಸ್ಕ್ ಹಾಕುವುದು, ಒಬ್ಬರೇ ಆರೈಕೆ ಮಾಡುವುದು. ಉಸಿರಾಡಲು ಕಷ್ಟವಾದರೆ, ಎದೆ ನೋವು ಬಂದರೆ, ಮಾತು ತಡವರಿಸಿ ಗೊಂದಲವಾದರೆ, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಹೋಗುವ ಮುಂಚೆ ಫೋನ್ ಮಾಡಿ ತಿಳಿಸಿದರೆ ಅಲ್ಲಿನವರು ತಯಾರಾಗಿರುತ್ತಾರೆ. ಸಾರ್ಸ್ ತಗುಲಿದ ಐವರಲ್ಲಿ ಸುಮಾರು ಒಬ್ಬರು ಆರೋಗ್ಯ ಸಿಬ್ಬಂದಿ ಎಂಬುದನ್ನು ಮರೆಯಬಾರದು. ಹನೋಯ್‌ನಲ್ಲಿ ಆ ರೋಗವನ್ನು ಬೇಗ ಗುರುತಿಸಿ ಜಗತ್ತನ್ನು ಎಚ್ಚರಿಸಿದ ವೈದ್ಯ ಕಾರ್ಲೊ ಉರ್ಬಾನಿ ಅದೇ ರೋಗಕ್ಕೆ ಬಲಿಯಾದರು. ಅವರ ಎಚ್ಚರಿಕೆಯಿಂದ ವಿಯೆಟ್ನಾಂ ಬೇಗ ಎದ್ದು ನಿಂತಿತು. 2003ರ ಏಪ್ರಿಲ್‌ನಲ್ಲಿ ಸಾರ್ಸ್ ಹತೋಟಿಗೆ ತಂದ ಮೊದಲ ದೇಶ ಅದೇ.

ಹೇಳಿಕೊಂಡವರಿಗೆ ಶಿಕ್ಷೆಯಾಗಬಾರದು

ಮೇಲೆ ಹೇಳಿದ್ದೆಲ್ಲ ಸುಲಭ ಅನ್ನಿಸಬಹುದು. ಆದರೆ ದಿನದ ಕೂಲಿಯಲ್ಲೇ ಬದುಕುವವರಿಗೆ "ಏಳು ದಿನ ಮನೆಯಲ್ಲಿರಿ" ಎಂದರೆ ಏಳು ದಿನ ಉಪವಾಸ ಇರಿ ಎಂದು ಹೇಳಿದ ಹಾಗೆ. ಒಂದೇ ಕೋಣೆಯಲ್ಲಿ ಆರು ಜನ ಇರುವ ಮನೆಗೆ "ಬೇರೆ ಇರಿ" ಎಂಬ ಮಾತಿಗೆ ಅರ್ಥವೇ ಇಲ್ಲ. ಹುಷಾರಿಲ್ಲ ಎಂದರೆ ಕೆಲಸ ಹೋಗುತ್ತದೆ, ಬಾಡಿಗೆ ಮನೆಯಿಂದ ಹೊರಹಾಕುತ್ತಾರೆ, ಮಕ್ಕಳನ್ನು ಯಾರೂ ಹತ್ತಿರ ಸೇರಿಸುವುದಿಲ್ಲ ಎನ್ನುವ ಕಡೆ ಜನ ಮುಚ್ಚಿಡುತ್ತಾರೆ. ಅವರನ್ನು ಬೇಜವಾಬ್ದಾರಿಗಳು ಎಂದು ಬೈಯುವುದು ತಪ್ಪು. ಮುಚ್ಚಿಡುವುದೇ ಲಾಭ ಎನ್ನುವಂಥ ಪರಿಸ್ಥಿತಿಯನ್ನು ತಂದಿಟ್ಟವರು ನಾವೇ.

ಹಾಗಾಗಿ ಕಾಯಿಲೆ ರಜೆಗೆ ಸಂಬಳ, ಮನೆಬಾಗಿಲಿಗೆ ದಿನಸಿ, ಬೇರೆ ಇರಲು ಜಾಗ ಇಲ್ಲದವರಿಗೆ ಒಳ್ಳೆಯ ವಸತಿ, ಉಚಿತ ಪರೀಕ್ಷೆ ಕೊಡುವುದನ್ನು ದಾನಧರ್ಮ ಎಂದು ನೋಡಬಾರದು. ಸರಪಳಿ ಕಡಿಯುವ ಸಾಧನಗಳು ಅವು. ಪರೀಕ್ಷಾ ಕಿಟ್ಟಿಗೆ ಎಷ್ಟು ಮಹತ್ವ ಕೊಡುತ್ತೇವೋ ಅವಕ್ಕೂ ಅಷ್ಟೇ ಕೊಡಬೇಕು.

2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡಿದಾಗ ಇದೆಲ್ಲ ಕಣ್ಣಿಗೆ ಕಟ್ಟುವಂತೆ ಕಾಣಿಸಿತು. ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ವೆಸ್ಟ್ ಪಾಯಿಂಟ್ ಎಂಬ ಬಡಾವಣೆ ಇದೆ. ಹತ್ತಾರು ಸಾವಿರ ಬಡವರು ಒತ್ತೊತ್ತಾಗಿ ಬದುಕುವ ಜಾಗ. ಆಗಸ್ಟ್ 20ರಂದು ಸರ್ಕಾರ ಪೊಲೀಸರನ್ನೂ ಸೈನಿಕರನ್ನೂ ನಿಲ್ಲಿಸಿ ಇಡೀ ಬಡಾವಣೆಯನ್ನು ಮುಚ್ಚಿಬಿಟ್ಟಿತು. ಜನ ರೊಚ್ಚಿಗೆದ್ದರು. ಗುಂಡು ಹಾರಿತು, ಒಬ್ಬ ಹುಡುಗ ಸತ್ತ. ಹತ್ತು ದಿನಕ್ಕೆ ಸರ್ಕಾರ ಆ ಆದೇಶ ಹಿಂತೆಗೆದುಕೊಂಡಿತು. ಬೇಲಿ ಹಾಕಿದ್ದರಿಂದ ರೋಗ ನಿಲ್ಲಲಿಲ್ಲ. ಜನರ ನಂಬಿಕೆ ಮಾತ್ರ ಹೋಯಿತು.

ಶವಸಂಸ್ಕಾರದ ವಿಷಯವೂ ಹಾಗೆಯೇ. ಎಬೋಲಾದಿಂದ ಸತ್ತವರ ದೇಹ ಅತಿ ಹೆಚ್ಚು ಸೋಂಕು ಹರಡುತ್ತದೆ. ದೇಹವನ್ನು ತೊಳೆದು, ಮುಟ್ಟಿ ಬೀಳ್ಕೊಡುವ ಪದ್ಧತಿಯಿಂದ ಇಡೀ ಕುಟುಂಬಗಳಿಗೇ ರೋಗ ತಗುಲುತ್ತಿತ್ತು. ಮೊದಮೊದಲು ಅಧಿಕಾರಿಗಳು ಮಾಡಿದ್ದೇನು? ಮೈತುಂಬ ರಕ್ಷಾ ಉಡುಪು ಹಾಕಿದ ತಂಡಗಳು ಬಂದು, ಮನೆಯವರ ಜೊತೆ ಮಾತೂ ಆಡದೆ ಶವ ಎತ್ತಿಕೊಂಡು ಹೋಗುತ್ತಿದ್ದವು. ಎಲ್ಲಿ ಹೂತರು ಎಂದೂ ಎಷ್ಟೋ ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಜನ ಏನು ಮಾಡಿದರು? ರೋಗಿಗಳನ್ನೂ ಶವಗಳನ್ನೂ ಬಚ್ಚಿಟ್ಟರು. "ಎಬೋಲಾಕ್ಕೆ ಮದ್ದಿಲ್ಲ" ಎಂಬ ಪ್ರಚಾರವೂ ಕೆಲಸ ಕೆಡಿಸಿತು. ಮದ್ದೇ ಇಲ್ಲ ಅಂದ ಮೇಲೆ ಆಸ್ಪತ್ರೆಗೆ ಯಾಕೆ ಹೋಗಬೇಕು, ಮನೆಯವರ ನಡುವೆ ಸಾಯುವುದೇ ಮೇಲು ಅಂತ ಅನ್ನಿಸುತ್ತದೆ, ಅಲ್ವಾ?

ಆಮೇಲೆ ರೀತಿ ಬದಲಾಯಿತು. ತಂಡದವರು ಮೊದಲು ಮನೆಯವರ ಜೊತೆ ಕೂತು ಮಾತಾಡಿದರು. ಸುರಕ್ಷಿತ ದೂರದಲ್ಲಿ ನಿಂತು ನೋಡಲು, ಪ್ರಾರ್ಥನೆ ಮಾಡಲು ಅವಕಾಶ ಕೊಟ್ಟರು. ಊರಿನ ಹಿರಿಯರನ್ನು, ಧರ್ಮಗುರುಗಳನ್ನು ಜೊತೆಗೆ ಸೇರಿಸಿಕೊಂಡರು. ಸಮಾಧಿಯ ಮೇಲೆ ಹೆಸರು ಬಂತು. ಆಗ ಕುಟುಂಬಗಳೇ ಫೋನ್ ಮಾಡಿ ತಂಡವನ್ನು ಕರೆಯಲು ಶುರುಮಾಡಿದವು. ಆ ಹಾವಳಿಯಲ್ಲಿ ಕೊನೆಗೆ ಸುಮಾರು 28,600 ಜನಕ್ಕೆ ಸೋಂಕು ತಗುಲಿ, 11,300 ಜನ ತೀರಿಕೊಂಡರು. ಮರ್ಯಾದೆಯಿಂದ ನಡೆಸಿಕೊಳ್ಳುವುದನ್ನು ಮೊದಲ ದಿನದಿಂದ ಮಾಡಿದ್ದರೆ ಈ ಸಂಖ್ಯೆ ಕಡಿಮೆ ಇರುತ್ತಿತ್ತು ಎಂದೇ ನನ್ನ ನಂಬಿಕೆ.

ಚಿಕಿತ್ಸೆಗೂ ಇದೇ ಶಕ್ತಿ ಇದೆ. ಹೋದರೆ ಬದುಕಿ ಬರುತ್ತೇವೆ ಎಂದು ಗೊತ್ತಾದರೆ ಜನ ಬೇಗ ಹೋಗುತ್ತಾರೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಹೊತ್ತು ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂತು. ನರಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂದಿತ್ತು. ವೈದ್ಯ ದಿಲೀಪ್ ಮಹಲನಬೀಸ್ ಉಪ್ಪು, ಸಕ್ಕರೆ ಅಂಶ ಬೆರೆಸಿದ ನೀರನ್ನು ಕುಡಿಸಿದರು. ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಹೇಳಿಕೊಟ್ಟರು. ಸಾವಿನ ಪ್ರಮಾಣ ಶೇ 30ರ ಆಸುಪಾಸಿನಿಂದ ಶೇ 4ಕ್ಕಿಂತ ಕೆಳಗೆ ಇಳಿಯಿತು. ಕಾಲರಾದಲ್ಲಿ ಜೀವ ತೆಗೆಯುವುದು ನೀರು ಮತ್ತು ಲವಣದ ನಷ್ಟ. ಕರುಳಿನಲ್ಲಿ ಗ್ಲುಕೋಸ್ ಇದ್ದರೆ ಅದರ ಜೊತೆ ಉಪ್ಪೂ ನೀರೂ ದೇಹದೊಳಗೆ ಸೇರುತ್ತವೆ. ಇಷ್ಟು ಸರಳ ಸಂಗತಿಯಿಂದ ಅಂದಿನಿಂದ ಇಂದಿನವರೆಗೆ ಕೋಟಿಗಟ್ಟಲೆ ಮಕ್ಕಳು ಉಳಿದಿದ್ದಾರೆ.

ಪೂರ್ತಿ ಗೊತ್ತಾಗುವವರೆಗೆ ಕಾಯಬೇಕಾ?

ಇವತ್ತು 100 ಜನಕ್ಕೆ ಸೋಂಕಿದೆ, ಮೂರು ದಿನಕ್ಕೊಮ್ಮೆ ಎರಡರಷ್ಟಾಗುತ್ತಿದೆ ಅನ್ನಿ. ಹೀಗೇ ಬಿಟ್ಟರೆ ಒಂದು ತಿಂಗಳಿಗೆ 1,02,400. ಒಂದು ವಾರ ತಡಮಾಡಿದರೂ ಸಂಖ್ಯೆ ಐದು ಪಟ್ಟು ಹೆಚ್ಚುತ್ತದೆ. ಅಲ್ಲದೆ ಇವತ್ತು ಕಾಣುವ ಸಂಖ್ಯೆ ಇವತ್ತಿನದಲ್ಲ. ಒಂದೋ ಎರಡೋ ವಾರದ ಹಿಂದೆ ಅಂಟಿದ್ದು ಈಗ ಪರೀಕ್ಷೆಯಲ್ಲಿ ಕಾಣಿಸುತ್ತಿದೆ. ಸಾವಿನ ಸಂಖ್ಯೆ ಇನ್ನೂ ಹಿಂದಿನ ಕತೆ ಹೇಳುತ್ತದೆ. ಹೀಗಾಗಿ "ಇನ್ನೂ ಅಂಥದ್ದೇನೂ ಆಗಿಲ್ಲ, ಕಾದು ನೋಡೋಣ" ಎನ್ನುವ ಹೊತ್ತೇ ಕೆಲಸ ಮಾಡಬೇಕಾದ ಹೊತ್ತು.

1918ರ ಫ್ಲೂ ಸಮಯದ ಅಮೆರಿಕದ ಎರಡು ನಗರಗಳನ್ನು ಹೋಲಿಸಿ ನೋಡಬಹುದು. ಫಿಲಡೆಲ್ಫಿಯಾದಲ್ಲಿ ಸೆಪ್ಟೆಂಬರ್ ಮಧ್ಯದಲ್ಲೇ ರೋಗ ಕಾಣಿಸಿತ್ತು. ಆದರೂ 28ರಂದು ಯುದ್ಧನಿಧಿಗಾಗಿ ಮೆರವಣಿಗೆ ನಡೆಯಿತು. ಸುಮಾರು ಎರಡು ಲಕ್ಷ ಜನ ಸೇರಿದರು. ಶಾಲೆ, ಸಭೆಗಳನ್ನು ಮುಚ್ಚಿದ್ದು ಅಕ್ಟೋಬರ್ 3ರಂದು. ಸೇಂಟ್ ಲೂಯಿಸ್‌ನಲ್ಲಿ ನಾಗರಿಕರಲ್ಲಿ ಮೊದಲ ಪ್ರಕರಣಗಳು ಅಕ್ಟೋಬರ್ 5ರಂದು ವರದಿಯಾದವು, 7ರಂದೇ ಮುಚ್ಚಿದರು. ಫಿಲಡೆಲ್ಫಿಯಾದ ಅತಿ ಕೆಟ್ಟ ವಾರದ ಸಾವಿನ ದರ ಸೇಂಟ್ ಲೂಯಿಸ್‌ನ ಅತಿ ಕೆಟ್ಟ ವಾರದ ದರಕ್ಕಿಂತ ಸುಮಾರು ಎಂಟು ಪಟ್ಟು ಇತ್ತು. ನವೆಂಬರ್‌ನಲ್ಲಿ ನಿರ್ಬಂಧ ಸಡಿಲಿಸಿದಾಗ ಸೇಂಟ್ ಲೂಯಿಸ್‌ನಲ್ಲೂ ರೋಗ ಮತ್ತೆ ಏರಿತು. ಬೇಗ ಶುರುಮಾಡುವಷ್ಟೇ ಮುಖ್ಯ, ಆತುರದಲ್ಲಿ ಕೈಬಿಡದಿರುವುದು.

ಬೇಗ ಶುರುಮಾಡುವುದು ಅಂದರೆ ಅರ್ಧ ತಿಳಿವಳಿಕೆಯಲ್ಲೇ ಹೆಜ್ಜೆ ಇಡುವುದು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾಕ್ಕೆ 600ಕ್ಕೂ ಹೆಚ್ಚು ಜನ ಸತ್ತರು. ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ಗುರುತುಹಾಕುತ್ತಾ ಹೋಗಿ, ಹೆಚ್ಚಿನವು ಒಂದು ಬೀದಿ ಪಂಪಿನ ಸುತ್ತ ಇರುವುದನ್ನು ಕಂಡರು. ಅಧಿಕಾರಿಗಳನ್ನು ಒಪ್ಪಿಸಿ ಪಂಪಿನ ಹಿಡಿಕೆ ತೆಗೆಸಿದರು. ಆ ಹೊತ್ತಿಗೆ ಜನ ಊರು ಬಿಟ್ಟಿದ್ದರಿಂದ ರೋಗ ಇಳಿಯುತ್ತಲೇ ಇತ್ತು, ನಿಜ. ಆದರೆ ನೀರಿನಿಂದ ರೋಗ ಬರುತ್ತದೆ ಎಂಬ ಅವರ ತರ್ಕ ಸರಿಯಾಗಿತ್ತು. ಕಾಲರಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಕ್ ಗುರುತಿಸಿ ತೋರಿಸಿದ್ದು ಸುಮಾರು ಮೂವತ್ತು ವರ್ಷ ಆದ ಮೇಲೆ.

ಅರ್ಧ ತಿಳಿವಳಿಕೆಯಲ್ಲಿ ಹೇಳಿದ ಮಾತು ಆಮೇಲೆ ಬದಲಾಗುತ್ತದೆ. ಕೋವಿಡ್ ಶುರುವಾದಾಗ ಬಾಗಿಲ ಹಿಡಿ, ಮೇಜು, ಸಾಮಾನು ಒರೆಸುವುದಕ್ಕೆ ಜಾಸ್ತಿ ಒತ್ತು ಕೊಟ್ಟರು. ಗಾಳಿಯಲ್ಲಿ ಹರಡುವುದೇ ಮುಖ್ಯ ದಾರಿ ಎಂಬುದು ಒಪ್ಪಿತವಾಗಲು ತುಂಬ ತಡವಾಯಿತು. ಸಲಹೆ ಬದಲಾದಾಗ ಜನ "ಇವರಿಗೇ ಗೊತ್ತಿಲ್ಲ" ಎಂದು ಎಲ್ಲವನ್ನೂ ಬಿಟ್ಟುಬಿಡುವ ಅಪಾಯ ಇದೆ. ಇದನ್ನು ತಪ್ಪಿಸುವ ದಾರಿ ಒಂದೇ. ಹೇಳುವವರು ಮೊದಲ ದಿನವೇ ಬಿಚ್ಚಿ ಹೇಳಬೇಕು: ಇವತ್ತು ನಮಗೆ ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ, ಆದ್ದರಿಂದ ಸದ್ಯಕ್ಕೆ ಹೀಗೆ ಮಾಡಿ, ಹೊಸದು ತಿಳಿದರೆ ಬದಲಿಸುತ್ತೇವೆ. "ಏನೂ ಆಗಲ್ಲ, ಭಯಪಡಬೇಡಿ" ಎಂಬ ಸುಳ್ಳು ಸಮಾಧಾನ ವದಂತಿಗಿಂತ ಕೆಟ್ಟದ್ದು. ಅದು ಬಯಲಾದ ದಿನ ಆಮೇಲೆ ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ.

ವದಂತಿಯ ವಿಷಯದಲ್ಲಿ ನಮ್ಮ ಕೈಯಲ್ಲಿರುವುದು ಚಿಕ್ಕದು, ಆದರೆ ಮುಖ್ಯವಾದದ್ದು. ಭಯವೋ ಕೋಪವೋ ತಕ್ಷಣ ಉಕ್ಕಿಸುವ ಸಂದೇಶ ಬಂದರೆ ಮುಂದಕ್ಕೆ ಕಳಿಸುವ ಮುನ್ನ ನಿಲ್ಲಿ. ಯಾರು ಹೇಳಿದ್ದು, ಯಾವಾಗ ಹೇಳಿದ್ದು ನೋಡಿ. ಮನೆಯಲ್ಲಿ ಯಾರಾದರೂ ತಪ್ಪು ಮಾಹಿತಿ ನಂಬಿದ್ದರೆ ಹೀಯಾಳಿಸಬೇಡಿ. ಅವರ ಭಯ ಯಾವುದರ ಬಗ್ಗೆ ಎಂದು ಕೇಳಿ. ಹೆಚ್ಚಿನ ಸಲ ಭಯಕ್ಕೆ ಒಂದು ಕಾರಣ ಇದ್ದೇ ಇರುತ್ತದೆ.

ಎಲ್ಲವನ್ನೂ ಮುಚ್ಚುವುದು

ಲಾಕ್‌ಡೌನ್ ಬಗ್ಗೆ ಎರಡು ಅತಿಗಳಿವೆ. ಅದೇ ಪರಿಹಾರ ಎನ್ನುವುದು ಒಂದು, ಅದು ಎಲ್ಲ ಸಲವೂ ತಪ್ಪು ಎನ್ನುವುದು ಇನ್ನೊಂದು. ನನಗೆ ಎರಡೂ ಸರಿ ಕಾಣುವುದಿಲ್ಲ. ಮುಚ್ಚುವುದರಿಂದ ರೋಗ ವಾಸಿಯಾಗುವುದಿಲ್ಲ, ಸಮಯ ಸಿಗುತ್ತದೆ. ಆ ಸಮಯದಲ್ಲಿ ಹಾಸಿಗೆ, ಆಮ್ಲಜನಕ, ಪರೀಕ್ಷೆ, ಸಿಬ್ಬಂದಿ ಸಿದ್ಧಮಾಡಿಕೊಂಡರೆ ಬೆಲೆ ತೆತ್ತದ್ದಕ್ಕೆ ಅರ್ಥ ಇದೆ. ಸುಮ್ನೆ ಮುಚ್ಚಿ ಕೂತರೆ ತೆರೆದ ದಿನ ರೋಗ ಬಿಟ್ಟ ಕಡೆಯಿಂದಲೇ ಶುರುವಾಗುತ್ತದೆ.

ಸಾವಿನ ಪ್ರಮಾಣ ಶೇ 1 ಎಂಬಂಥ ಸಂಖ್ಯೆಯನ್ನೂ ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ನೂರಕ್ಕೆ ಒಬ್ಬರು ಅಂದರೆ ಕಡಿಮೆ ಅನ್ನಿಸುತ್ತದೆ. ಒಂದು ಕೋಟಿ ಜನಕ್ಕೆ ತಗುಲಿದರೆ ಅದು ಒಂದು ಲಕ್ಷ ಸಾವು. ಎಲ್ಲರಿಗೂ ಒಂದೇ ತಿಂಗಳಲ್ಲಿ ತಗುಲಿದರೆ ಹಾಸಿಗೆ ಸಿಗದೆ ಆ ಶೇ 1 ಇನ್ನೂ ಏರುತ್ತದೆ. ಹೆರಿಗೆ, ಅಪಘಾತ, ಹೃದಯಾಘಾತಕ್ಕೂ ಆಗ ಜಾಗ ಇರುವುದಿಲ್ಲ. ಇನ್ನೊಂದು ಕಡೆ, ಮುಚ್ಚುವುದರ ಪೆಟ್ಟೂ ಕಡಿಮೆಯಲ್ಲ. 2021ರಲ್ಲಿ ಜಗತ್ತಿನಲ್ಲಿ 2.5 ಕೋಟಿ ಮಕ್ಕಳಿಗೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆಯ ಒಂದಾದರೂ ಡೋಸ್ ತಪ್ಪಿತು. ಶಾಲೆ ಬಿಟ್ಟ ಮಕ್ಕಳು, ಕೆಲಸ ಕಳೆದುಕೊಂಡ ಮನೆಗಳು ಬೇರೆ. ಈ ಹೊರೆ ಬೀಳುವುದು ಹೆಚ್ಚಾಗಿ ಬಡವರ ಮೇಲೆ. ಹಾಗಾಗಿ ಮುಚ್ಚುವ ಆದೇಶದ ಜೊತೆಗೇ ಪರಿಹಾರದ ಆದೇಶವೂ ಬರಬೇಕು. ಯಾವ ಹಂತ ಮುಟ್ಟಿದರೆ ತೆರೆಯುತ್ತೇವೆ ಎಂಬುದನ್ನೂ ಮೊದಲೇ ಹೇಳಬೇಕು. ಕೊನೆಗೆ ಮುಚ್ಚಬೇಕಾದ್ದು ಮತ್ತು ಮೊದಲು ತೆರೆಯಬೇಕಾದ್ದು ಶಾಲೆ ಎಂದು ನಾನು ಹೇಳುತ್ತೇನೆ, ಆ ರೋಗ ಮಕ್ಕಳಿಗೇ ಹೆಚ್ಚು ಅಪಾಯಕಾರಿಯಲ್ಲದಿದ್ದರೆ.

ಕ್ರಮ ಚೆನ್ನಾಗಿ ಕೆಲಸ ಮಾಡಿದರೆ ಒಂದು ತೊಂದರೆ ಇದೆ. ಏನೂ ಆಗುವುದಿಲ್ಲ. ಆಗ "ಇಷ್ಟಕ್ಕೆ ಯಾಕೆ ಅಷ್ಟು ಗಲಾಟೆ ಮಾಡಿದರು?" ಎಂಬ ಮಾತು ಬರುತ್ತದೆ. ತಪ್ಪಿದ ಸಾವು ಕಣ್ಣಿಗೆ ಕಾಣುವುದಿಲ್ಲ. ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವರು ಈ ಮಾತನ್ನು ಪ್ರತಿ ಸಲ ಕೇಳಿಸಿಕೊಳ್ಳುತ್ತಾರೆ.

ಲಸಿಕೆ ಮತ್ತು ಮುಂದಿನ ಸಲ

ದಡಾರ ಬಂದ ಒಬ್ಬರಿಂದ, ಯಾರಿಗೂ ರಕ್ಷಣೆ ಇಲ್ಲದ ಕಡೆ, 12ರಿಂದ 18 ಜನಕ್ಕೆ ಅದು ಬರುತ್ತದೆ. 15 ಎಂದುಕೊಳ್ಳೋಣ. ಆ 15ರಲ್ಲಿ 14 ಜನಕ್ಕೆ ರಕ್ಷಣೆ ಇದ್ದರೆ ಒಬ್ಬರಿಗೆ ಮಾತ್ರ ಬರುತ್ತದೆ, ರೋಗ ಬೆಳೆಯುವುದಿಲ್ಲ. ಶೇಕಡಾ ಲೆಕ್ಕದಲ್ಲಿ 93. ದಡಾರಕ್ಕೆ ಶೇ 95ರಷ್ಟು ಲಸಿಕೆ ಆಗಬೇಕು ಎಂದು ಒತ್ತಾಯಿಸುವುದು ಇದೇ ಕಾರಣಕ್ಕೆ. ಆರು ತಿಂಗಳ ಕೂಸು, ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು ಇಂಥವರಿಗೆ ಈ ಲಸಿಕೆ ಹಾಕಲು ಆಗದೆ ಇರಬಹುದು. ಉಳಿದವರು ಹಾಕಿಸಿಕೊಂಡರೆ ಅವರೂ ಸುರಕ್ಷಿತ.

ಲಸಿಕೆ ಕಡಿಮೆ ಇರುವಾಗ ಜಾಣತನ ಬೇಕು. 1966ರ ಕೊನೆಗೆ ಪೂರ್ವ ನೈಜೀರಿಯಾದಲ್ಲಿ ಸಿಡುಬು ಬಂದಾಗ ಎಲ್ಲರಿಗೂ ಸಾಕಾಗುವಷ್ಟು ಲಸಿಕೆ ಇರಲಿಲ್ಲ. ವೈದ್ಯ ವಿಲಿಯಂ ಫೋಗಿ ಮತ್ತು ಜೊತೆಗಾರರು ರೋಗ ಇರುವ ಮನೆಗಳನ್ನು ಹುಡುಕಿ, ಅವರ ಸುತ್ತಲಿನವರಿಗೆ ಮಾತ್ರ ಹಾಕಿದರು. ಅಷ್ಟರಲ್ಲೇ ರೋಗ ನಿಂತಿತು. ಹುಡುಕಿ ಸುತ್ತುಗಟ್ಟುವ ಈ ಪದ್ಧತಿ ಬೇರೆ ದೇಶಗಳಿಗೂ ಹೋಯಿತು. 1980ರಲ್ಲಿ ಸಿಡುಬು ಭೂಮಿಯಿಂದಲೇ ಅಳಿದಿದೆ ಎಂದು ಘೋಷಿಸಿದರು. 2015ರಲ್ಲಿ ಗಿನಿಯಲ್ಲಿ ಎಬೋಲಾ ಲಸಿಕೆಯ ಪರೀಕ್ಷೆಯನ್ನೂ ಇದೇ ರೀತಿ ಮಾಡಿದರು. ಆದರೆ ಇಲ್ಲೂ ಮೊದಲ ಹೆಜ್ಜೆ ಅದೇ: ನಮ್ಮ ಮನೆಯಲ್ಲಿ ರೋಗ ಇದೆ ಎಂದು ಯಾರಾದರೂ ಬಂದು ಹೇಳಬೇಕು.

ದೇಶಗಳ ಮಟ್ಟದಲ್ಲೂ ಹೇಳಿಕೊಂಡವರನ್ನು ಶಿಕ್ಷಿಸುವ ಚಾಳಿ ಇದೆ. ಸಾರ್ಸ್‌ನ ಮೊದಲ ಪ್ರಕರಣಗಳು ಚೀನಾದಲ್ಲಿ ಕಂಡದ್ದು 2002ರ ನವೆಂಬರ್‌ನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಗೆ ಅಧಿಕೃತ ವರದಿ ಹೋದದ್ದು 2003ರ ಫೆಬ್ರುವರಿಯಲ್ಲಿ. ಮುಚ್ಚಿಟ್ಟ ಆ ತಿಂಗಳುಗಳ ಬೆಲೆಯನ್ನು ಬೇರೆಯವರೂ ತೆತ್ತರು. 2021ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಇದಕ್ಕೆ ವಿರುದ್ಧವಾಗಿ ನಡೆದುಕೊಂಡಿತು. ಅಲ್ಲಿನ ವಿಜ್ಞಾನಿಗಳು ಕೋವಿಡ್ ವೈರಸ್ಸಿನ ಒಮಿಕ್ರಾನ್ ತಳಿಯನ್ನು ಗುರುತಿಸಿ ಕೂಡಲೇ ಜಗತ್ತಿಗೆ ತಿಳಿಸಿದರು. ಅದಕ್ಕೆ ಸಿಕ್ಕ ಉತ್ತರ, ಕೆಲವೇ ದಿನಗಳಲ್ಲಿ ಹಲವು ದೇಶಗಳು ಅವರ ವಿಮಾನಗಳನ್ನು ನಿಲ್ಲಿಸಿದ್ದು. ಅಷ್ಟರಲ್ಲಿ ಆ ತಳಿ ಬೇರೆ ಖಂಡಗಳಿಗೂ ಹೋಗಿಯಾಗಿತ್ತು. ಮುಂದಿನ ಸಲ ಹೊಸ ತಳಿ ಕಂಡ ದೇಶ ಬಾಯಿ ಬಿಡಲು ಹಿಂಜರಿದರೆ ಆಶ್ಚರ್ಯ ಪಡಬೇಕಾದ್ದಿಲ್ಲ. ಬೇಗ ಹೇಳಿದ ದೇಶಕ್ಕೆ ನಷ್ಟ ತುಂಬಿಕೊಡುವ, ಲಸಿಕೆಯಲ್ಲಿ ಪಾಲು ಕೊಡುವ ಒಪ್ಪಂದ ಗಟ್ಟಿಯಾಗಿ ಬರಬೇಕು.

ಯಾರೂ ಬಂದು ಹೇಳುವ ಮೊದಲೇ ರೋಗವನ್ನು ಕಾಣುವ ದಾರಿಗಳೂ ಬೆಳೆಯುತ್ತಿವೆ. ಸೋಂಕಿರುವವರ ಮಲದಲ್ಲಿ ವೈರಸ್ಸಿನ ಗುರುತು ಬರುತ್ತದೆ, ಆದ್ದರಿಂದ ಊರಿನ ಚರಂಡಿ ನೀರನ್ನು ಪರೀಕ್ಷಿಸಿದರೆ ಸಾಕು. ಯಾರ ಹೆಸರೂ ಬೇಕಿಲ್ಲ, ಯಾರಿಗೂ ಕಳಂಕ ಇಲ್ಲ. 2022ರಲ್ಲಿ ಲಂಡನ್ನಿನ ಚರಂಡಿ ನೀರಿನಲ್ಲಿ ಪೋಲಿಯೊ ವೈರಸ್ ಸಿಕ್ಕಿತು. ಒಂದು ಮಗುವಿಗೂ ಪಾರ್ಶ್ವವಾಯು ಆಗಿರಲಿಲ್ಲ. ಆಗಸ್ಟ್‌ನಲ್ಲಿ ಆ ನಗರದ ಒಂದರಿಂದ ಒಂಬತ್ತು ವರ್ಷದ ಎಲ್ಲ ಮಕ್ಕಳಿಗೂ ಇನ್ನೊಂದು ಡೋಸ್ ಪೋಲಿಯೊ ಲಸಿಕೆ ಕೊಡುವ ಕೆಲಸ ಶುರುವಾಯಿತು.